ಮಾಟುಂಗಾದಿಂದ ಮರೀನ್ ಡ್ರೈವ್‌ಗೆ, ಓಡುತ್ತ

ಮುಂಬಯಿಯಲ್ಲಿ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಸ್ಟೇಷನ್ನಿನ ಲೆಕ್ಕದಲ್ಲಿ, ಇಲ್ಲವೇ ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ಮಾಟುಂಗಾದಿಂದ ಸಿಎಸ್‌ಎಂಟಿ ಎಂದರೆ ಸ್ಲೋ ಗಾಡಿಯಲ್ಲಿ ಎಂಟನೇ ಸ್ಟೇಷನ್, ಸುಮಾರು ಇಪ್ಪತ್ತೈದು ನಿಮಿಷ. ನಡುವೆ ಏನಿದೆ ಎಂದರೆ ದಾದರ್, ಪರೇಲ್, ಕರ್ರಿ ರೋಡ್, ಚಿಂಚ್‌ಪೋಕ್ಲಿ, ಬೈಕುಲಾ ಎಂದು ಹೆಸರು ಒಪ್ಪಿಸಬಹುದು. ಅಲ್ಲಿ ರಸ್ತೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿದರೆ ಬಹಳಷ್ಟು ಮಂದಿಗೆ ಗೊತ್ತಿರುವುದಿಲ್ಲ. ಹದಿಮೂರು ವರ್ಷದಿಂದ ಇಲ್ಲಿದ್ದು, ಮಾಟುಂಗಾದಿಂದ ಐರೋಲಿಯ ಆಫೀಸಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಿಬರುವ ನನಗೂ ಈ ಊರು ಕಿಟಕಿಯಾಚೆ ಹಿಂದಕ್ಕೆ ಸರಿಯುವ ಊರಾಗಿಯೇ ಇತ್ತು. ಸೆಪ್ಟೆಂಬರ್ ಕೊನೆಯಿಂದ ಅದರ ಪರಿಚಯ ಪಾದದ ಮೂಲಕ ಆಗುತ್ತಿದೆ. ಜನವರಿಯ ಮೂರನೇ ಭಾನುವಾರ ನಡೆಯುವ ಮುಂಬಯಿ ಮ್ಯಾರಥಾನ್‌ನಲ್ಲಿ ಹಾಫ್ ಓಡಲು ತಯಾರಾಗುತ್ತಿದ್ದೇನೆ. ವಯಸ್ಸು 39.

ಇದಕ್ಕೆಲ್ಲ ಕಾರಣ ರಕ್ತಪರೀಕ್ಷೆಯ ಒಂದು ಅಂಕಿ. ಒಂದೂವರೆ ವರ್ಷದ ಹಿಂದೆ ಎಚ್‌ಬಿಎ1ಸಿ 6.1 ಬಂತು. ಹಿಂದಿನ ಸುಮಾರು ಮೂರು ತಿಂಗಳಲ್ಲಿ ರಕ್ತದಲ್ಲಿದ್ದ ಸಕ್ಕರೆಯ ಸರಾಸರಿಯನ್ನು ಹೇಳುವ ಪರೀಕ್ಷೆ ಇದು. 5.7ರಿಂದ 6.4ರವರೆಗೆ ಇದ್ದರೆ ಹೊಸ್ತಿಲ ಮೇಲೆ ನಿಂತ ಹಾಗೆ, 6.5 ಮುಟ್ಟಿದರೆ ಒಳಗೆ ಹೋದ ಹಾಗೆ. ಆ ಹೊಸ್ತಿಲಿನ ಆಚೆ ಏನಿದೆ ಎಂಬುದನ್ನು ನಮ್ಮ ಮನೆಯವರು ಕಂಡಿದ್ದಾರೆ. ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪನಿಗೆ 41ನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಕೊನೆಯ ವರ್ಷಗಳಲ್ಲಿ ಎಡಗಾಲಿನ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆಯಬೇಕಾಯಿತು. ಚಪ್ಪಲಿಯ ಉಂಗುಷ್ಟ ಹಿಡಿಯಲು ಬೆರಳೇ ಇಲ್ಲದ ಮೇಲೆ ಬೀದಿಯ ತುದಿಯವರೆಗೆ ಹೋಗಿಬರುವುದೂ ನಿಂತಿತು. ಓಡುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಬೇರೇನೂ ಕೇಳಲಿಲ್ಲ. "ಓಡಪಾ, ಬ್ಯಾಡ ಅನ್ನಂಗಿಲ್ಲ. ದಿನಾ ರಾತ್ರಿ ಮಲಗೂ ಮುಂದ ಕಾಲ ನೋಡ್ಕೋ" ಎಂದಳು. ಹಾಗಾಗಿ ನನ್ನ ತರಬೇತಿಯ ಕೊನೆಯ ಪಾಠ ರಾತ್ರಿ ಹನ್ನೊಂದಕ್ಕೆ ನಡೆಯುತ್ತದೆ. ಅಮೆರಿಕದವರ ಜೊತೆಗಿನ ಕಾಲ್ ಮುಗಿಸಿ, ಮಂಚದ ಅಂಚಿನಲ್ಲಿ ಕೂತು, ದೀಪದ ಬೆಳಕಿನಲ್ಲಿ ಬೆರಳಸಂದಿಗಳನ್ನು ನೋಡಿಕೊಳ್ಳುವುದು.

ಮೊದಲು ನಡಿಗೆ, ಆಮೇಲೆ ನಡಿಗೆಯ ನಡುವೆ ಓಟ. ಹತ್ತು ಕಿಲೋಮೀಟರ್ ಮುಟ್ಟಿದ್ದು ಈ ಮಳೆಗಾಲದಲ್ಲಿ. ಈಗಿನದು 16 ವಾರದ ಯೋಜನೆ. ಮಂಗಳವಾರ, ಶನಿವಾರ ನಿಧಾನದ ಓಟ. ಗುರುವಾರ ವೇಗದ ಓಟ. ಭಾನುವಾರ ದೂರದ ಓಟ. ಬುಧವಾರ, ಶುಕ್ರವಾರ ಮನೆಯಲ್ಲೇ ಬಸ್ಕಿ. ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು. ಸೋಮವಾರ ಪೂರ್ತಿ ರಜೆ. ಮುಟ್ಟಬೇಕಾದ ದೂರ 21.0975 ಕಿಲೋಮೀಟರ್. ಈ ವಿಚಿತ್ರ ಅಂಕಿಯ ಮೂಲ 1908ರ ಲಂಡನ್ ಒಲಿಂಪಿಕ್ಸ್. ಅಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಪೀಠದವರೆಗೆ ಓಡಿಸಿದ ದೂರವೇ ಮುಂದೆ 42.195 ಎಂದು ಖಾಯಂ ಆಯಿತು. ನಮ್ಮದು ಅದರ ಅರ್ಧ.

ನಲವತ್ತರ ಹತ್ತಿರದವರು ತಿಳಿದಿರಬೇಕಾದ ಒಂದು ಮಾತಿದೆ. ಓಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ. ಆದರೆ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು, ಮೊಣಕಾಲಿನ ಸುತ್ತಲಿನ ಕಟ್ಟುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎದೆ ಹೂಂ ಎಂದರೂ ಕಾಲು ಇನ್ನೂ ಹೂಂ ಎಂದಿರುವುದಿಲ್ಲ. ಅದಕ್ಕೇ ವಾರದ ಓಟದಲ್ಲಿ ಬಹುಪಾಲು ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಬಹುದಾದಷ್ಟು ನಿಧಾನವಾಗಿರಬೇಕು. ನನಗೆ ಆ ವೇಗ ಕಿಲೋಮೀಟರಿಗೆ ಏಳೂವರೆ ನಿಮಿಷ. ಅಜ್ಜಂದಿರು ಹಿಂದೆ ಹಾಕಿ ಹೋಗುತ್ತಾರೆ, ಹೋಗಲಿ. ಸಕ್ಕರೆಯ ಮಟ್ಟಿಗೂ ಈ ನಿಧಾನದ ಓಟ ಕೆಲಸ ಮಾಡುತ್ತದೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ.

ಮಂಗಳವಾರದ ಓಟ ಫೈವ್ ಗಾರ್ಡನ್ಸ್ ಸುತ್ತ. 1896ರ ಪ್ಲೇಗ್ ಬೊಂಬಾಯಿಯ ಇಕ್ಕಟ್ಟಾದ ಓಣಿಗಳನ್ನು ಬೆಚ್ಚಿಬೀಳಿಸಿದ ಮೇಲೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್-ಮಾಟುಂಗಾದ ಈ ಬಡಾವಣೆ ಆ ಟ್ರಸ್ಟ್ ಗೆರೆ ಎಳೆದು ಹಾಕಿದ್ದು. ಗಾಳಿ ಬೆಳಕು ಆಡಲಿ ಎಂದು ಬಿಟ್ಟ ಅಗಲ ಬೀದಿಗಳು, ಐದು ತೋಟಗಳು, ಸಾಲುಮರಗಳು. ಪಾರ್ಸಿ ಕಾಲೊನಿಯನ್ನು ಕಟ್ಟಿ ನಿಲ್ಲಿಸಿದ ಮಂಚರ್ಜಿ ಜೋಶಿ ಅವರ ಪ್ರತಿಮೆ ಇಲ್ಲಿದೆ. ನೂರಿಪ್ಪತ್ತೈದು ವರ್ಷದ ಹಿಂದೆ ಒಂದು ರೋಗಕ್ಕೆ ಹೆದರಿ ಬಿಟ್ಟ ಜಾಗದಲ್ಲಿ ಈಗ ಇನ್ನೊಂದು ರೋಗಕ್ಕೆ ಹೆದರಿದವರು ಸುತ್ತು ಹಾಕುತ್ತಿದ್ದೇವೆ.

ಮಾಟುಂಗಾ ನಮ್ಮವರಿಗೆ ಹೊಸದೇನಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. ಸ್ಟೇಷನ್ ಪಕ್ಕದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಇಂದಿಗೂ ಬಾಳೆಲೆ ಊಟ. ಬೆಳಗಿನ ಐದಕ್ಕೆ ಈ ಬೀದಿಗಳಲ್ಲಿ ಓಡಿದರೆ ಮೊದಲು ಬರುವುದು ಮಲ್ಲಿಗೆಯ ವಾಸನೆ, ತಿರುವು ದಾಟಿದರೆ ಸಾಂಬಾರಿನದು. ಭಾನುವಾರ ಹೊರಡುವ ಮುಂಚೆ ಒಂದು ಹೋಟೆಲಿನಲ್ಲಿ ಆಗತಾನೆ ಹಬೆಯಿಂದ ಇಳಿದ ಎರಡು ಇಡ್ಲಿ ತಿನ್ನುತ್ತೇನೆ, ಚಟ್ನಿ ಇಲ್ಲದೆ. ಕೊಡುವವರು ಬೈಂದೂರಿನ ಕಡೆಯವರು, ಐವತ್ತರ ಆಚೀಚೆ. ಹದಿನಾರಕ್ಕೆ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿದವರು. ಮೂರೂವರೆಗೆ ಎದ್ದು, ಸಂಜೆಯವರೆಗೂ ನಿಂತೇ ಇರುತ್ತಾರೆ. ನಾನು ಓಡುವ ಕಾರಣ ಹೇಳಿದ ದಿನ ಅವರು ತಟ್ಟೆ ಒರೆಸುತ್ತ, "ನಂಗೂ ಶುಗರ್ ಇತ್ತ್ ಮಾರಾಯ್ರೆ. ಆರೆ ಓಡುಕೆ ಹೊತ್ತ್ ಎಲ್ಲಿತ್ತ್?" ಎಂದರು. ಅಲ್ಲಿಂದ ಈಚೆಗೆ ಓಟವನ್ನು ಶ್ರಮ ಎಂದು ಕರೆಯುವಾಗ ನಾಲಿಗೆ ತಡೆಯುತ್ತದೆ. ಬೆಳಗಿನ ಒಂದು ಗಂಟೆ ನನ್ನದಾಗಿರುವುದೇ ಒಂದು ಸಂಬಳ. ಅವರ ಕಾಲಿನ ಬಗ್ಗೆ ಒಮ್ಮೆ ವಿಚಾರಿಸಿದೆ. ಅವ್ವನ ಮಾತನ್ನೂ ಹೇಳಿದೆ. ಈಗ ಅವರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಪಾದ ನೋಡಿಕೊಳ್ಳುತ್ತಾರಂತೆ.

ಗುರುವಾರ ಶಿವಾಜಿ ಪಾರ್ಕ್. ಮೈದಾನದ ಸುತ್ತ ಕೂರಲು ಕಟ್ಟಿದ ಗಿಡ್ಡ ಗೋಡೆಯನ್ನು ಮರಾಠಿಯವರು 'ಕಟ್ಟಾ' ಎನ್ನುತ್ತಾರೆ. ನಮ್ಮ ಕಟ್ಟೆಯ ಹಾಗೆ ಅಲ್ಲೂ ಊರ ಸುದ್ದಿಯೆಲ್ಲ ಇತ್ಯರ್ಥವಾಗುತ್ತದೆ. ಒಂದು ಸುತ್ತು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಅರ್ಧ ಸುತ್ತು ಜೋರಾಗಿ, ಅರ್ಧ ಸುತ್ತು ನಿಧಾನವಾಗಿ, ಹೀಗೆ ಆರು ಸಲ. ಒಳಗೆ ರಮಾಕಾಂತ್ ಆಚ್ರೇಕರ್ ಅವರು ಸಚಿನ್‌ಗೆ ಬ್ಯಾಟು ಹಿಡಿಯುವುದನ್ನು ತಿದ್ದಿದ ಮೈದಾನದಲ್ಲಿ ಈಗಿನ ಮಕ್ಕಳು ಪ್ಯಾಡು ಕಟ್ಟುತ್ತಿರುತ್ತಾರೆ.

ಊರು ನಿಜವಾಗಿ ಬಿಚ್ಚಿಕೊಳ್ಳುವುದು ಭಾನುವಾರ. ತಿಲಕ್ ಸೇತುವೆಯ ಮೇಲೆ ರೈಲು ಹಳಿಗಳನ್ನು ದಾಟಿದರೆ ದಾದರಿನ ಹೂವಿನ ಮಾರುಕಟ್ಟೆ. ನಾವು ಬೆಳಗು ಎನ್ನುವ ಹೊತ್ತಿಗೆ ಅಲ್ಲಿ ಅರ್ಧ ದಿನದ ವ್ಯಾಪಾರ ಮುಗಿದಿರುತ್ತದೆ. ಚೆಂಡುಹೂವಿನ ಮೂಟೆ ಹೊತ್ತವರಿಗೆ ದಾರಿ ಬಿಟ್ಟು ಓಡಬೇಕು. ಫುಟ್‌ಪಾತಿನಲ್ಲಿ ಪೇಪರ್ ಹುಡುಗರು ಪುರವಣಿಗಳನ್ನು ಒಳಗೆ ಸೇರಿಸುತ್ತಿರುತ್ತಾರೆ. ಶಿವಾಜಿ ಪಾರ್ಕ್, ಸಿದ್ಧಿವಿನಾಯಕ ದಾಟಿ ವರ್ಲಿ ಸೀ ಫೇಸ್ ಸೇರಿದಾಗ ಮೊದಲ ಬಾರಿ ಸಮುದ್ರದ ಗಾಳಿ. ಬಲಕ್ಕೆ ಬಾಂದ್ರಾ-ವರ್ಲಿ ಸೀ ಲಿಂಕ್. 2009ರಲ್ಲಿ ತೆರೆದ ಈ 5.6 ಕಿಲೋಮೀಟರ್ ಸೇತುವೆಯ ಮೇಲೆ ಬೈಕಿಗೂ ಪ್ರವೇಶವಿಲ್ಲ, ನಡೆಯುವವರಿಗಂತೂ ಇಲ್ಲವೇ ಇಲ್ಲ. ಮ್ಯಾರಥಾನ್ ದಿನ ಮಾತ್ರ ಓಟಗಾರರಿಗೆ ಅದು ಕಾಲುದಾರಿ. ಮಾಹಿಮ್‌ನಿಂದ ಹೊರಡುವ ಹಾಫ್ ಓಟದವರು ಕತ್ತಲಲ್ಲೇ ಅದನ್ನು ಹತ್ತುತ್ತಾರೆ. ಬೆನ್ನ ಹಿಂದೆ ಬಾಂದ್ರಾದ ದಡ ಇರುತ್ತದೆ. ಅಲ್ಲಿನ ಬ್ಯಾಂಡ್‌ಸ್ಟ್ಯಾಂಡಿನ ಸಮುದ್ರದೆದುರಿನ ಮನೆಯಲ್ಲೇ ನಮ್ಮ ಯಶವಂತ ಚಿತ್ತಾಲರು ವಾಸವಾಗಿದ್ದರು. ತರಬೇತಿಯಲ್ಲಿ ಆ ಸೇತುವೆಯನ್ನು ದೂರದಿಂದ ನೋಡಿ ಮುಂದೆ ಹೋಗುವುದಷ್ಟೇ.

ಹಾಜಿ ಅಲಿ ದರ್ಗಾದ ಕಾಲುದಾರಿ ಭರತದ ಹೊತ್ತಿನಲ್ಲಿ ನೀರಿನಡಿ ಮುಳುಗಿರುತ್ತದೆ, ಇಳಿತದಲ್ಲಿ ಎದ್ದಿರುತ್ತದೆ. ವಾರವಾರಕ್ಕೂ ಅದೇ ಸಮಯಕ್ಕೆ ಹೋದರೂ ಅದೇ ನೋಟ ಸಿಗುವುದಿಲ್ಲ. ಅದನ್ನು ದಾಟಿದರೆ ಪೆಡ್ಡರ್ ರಸ್ತೆ. ಟ್ಯಾಕ್ಸಿಯಲ್ಲಿ ಹೋಗುವವರಿಗೆ ಅದು ಟ್ರಾಫಿಕ್ ಜಾಮಿನ ಹೆಸರು. ಓಡುವವರಿಗೆ ಮಹಾಲಕ್ಷ್ಮಿ ಕಡೆಯಿಂದ ಜಸ್ಲೋಕ್ ಆಸ್ಪತ್ರೆಯವರೆಗೆ ಬಿಡದೆ ಏರುವ ದಿಬ್ಬ. ಮಲೆನಾಡಿನವರು ನಕ್ಕಾರು. ಆದರೆ ಅರ್ಧಕ್ಕಿಂತ ಹೆಚ್ಚು ದೂರ ಮುಗಿಸಿದ ಕಾಲಿಗೆ ಅದು ಘಟ್ಟವೇ ಸರಿ. ಇಲ್ಲಿ ನಾನು ಗಡಿಯಾರ ನೋಡುವುದಿಲ್ಲ. ಹೆಜ್ಜೆ ಗಿಡ್ಡ ಮಾಡಿ, ಕಣ್ಣನ್ನು ಹತ್ತು ಮಾರು ಮುಂದೆ ನೆಟ್ಟು ಹತ್ತುತ್ತೇನೆ. ಲತಾ ಮಂಗೇಶ್ಕರ್ ಅವರಿದ್ದ ಪ್ರಭು ಕುಂಜ್ ಕಾಣುವಾಗ ಬೆವರು ಕಣ್ಣಿಗಿಳಿದಿರುತ್ತದೆ. ಆಮೇಲೆ ಕೆಂಪ್ಸ್ ಕಾರ್ನರ್ ಕಡೆಗೆ ಇಳಿಜಾರು. ಹಗುರವೆನಿಸಿದರೂ ತೊಡೆಯ ಮುಂಭಾಗ ಜಾಸ್ತಿ ದಣಿಯುವುದು ಇಳಿಯುವಾಗಲೇ.

ಚೌಪಾಟಿ ಮುಟ್ಟಿದರೆ ಮುಂದೆ ಸಪಾಟು. ಮರೀನ್ ಡ್ರೈವ್ ಸಮುದ್ರವನ್ನು ತುಂಬಿ ಪಡೆದ ನೆಲ. ಎಡಕ್ಕೆ ಸಾಲಾಗಿ ನಿಂತ ಆರ್ಟ್ ಡೆಕೊ ಕಟ್ಟಡಗಳನ್ನು 2018ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಓಟಗಾರನಿಗೆ ಅದರ ಚಂದವೇ ತೊಂದರೆ. ರಸ್ತೆ ಬಿಲ್ಲಿನಂತೆ ಬಾಗಿರುವುದರಿಂದ ಆಚೆ ತುದಿ ಶುರುವಿನಿಂದಲೇ ಕಣ್ಣೆದುರು ಇರುತ್ತದೆ, ಎಷ್ಟು ಓಡಿದರೂ ಹತ್ತಿರ ಬರುವುದಿಲ್ಲ. ನರಿಮನ್ ಪಾಯಿಂಟ್ ಸೇರುವಾಗ ನನ್ನ ವಾಚು ಸುಮಾರು 18 ಕಿಲೋಮೀಟರ್ ತೋರಿಸುತ್ತದೆ. ಅಲ್ಲಿಂದ ಚರ್ಚ್‌ಗೇಟಿಗೆ ನಡೆದು, ಉಪ್ಪು ಬೆರೆಸಿದ ನಿಂಬೆ ಶರಬತ್ತು ಕುಡಿದು, ಮಾಟುಂಗಾ ರೋಡಿಗೆ ಲೋಕಲ್ ಹತ್ತುತ್ತೇನೆ. ಎರಡೂಕಾಲು ಗಂಟೆ ಓಡಿದ ದಾರಿಯನ್ನು ಗಾಡಿ ಅರ್ಧ ಗಂಟೆಯೊಳಗೆ ಮಡಚಿಡುತ್ತದೆ.

ಸುಲಭದ ಊರಲ್ಲ ಇದು. ಅಕ್ಟೋಬರ್‌ನಲ್ಲಿ ಬೆಳಗಿನ ಐದಕ್ಕೂ ಅಂಗಿ ಹಿಂಡುವಷ್ಟು ಬೆವರು. ಸೆಖೆ ಇಳಿಯುವ ಹೊತ್ತಿಗೆ ಹೊಗೆ-ಧೂಳಿನ ಮಂಜು. ಚಳಿಗಾಲದಲ್ಲಿ ಗಾಳಿ ಕೆಳಗೇ ನಿಂತು, ಕಟ್ಟಡ ಕಾಮಗಾರಿಯ ಧೂಳೂ ಅದರಲ್ಲೇ ಉಳಿಯುತ್ತದೆ. ಗಾಳಿಯ ಗುಣಮಟ್ಟದ ಸೂಚ್ಯಂಕ 150 ದಾಟಿದ ದಿನ ಹೊರಗೆ ಓಡುವುದಿಲ್ಲ, ಎಂಟು ಮಹಡಿಯ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ರಾತ್ರಿ ರಿಲೀಸ್ ಇದ್ದರೆ ಬೆಳಗಿನ ಓಟ ರದ್ದು. ಓಟಕ್ಕಿಂತ ನಿದ್ದೆ ದೊಡ್ಡ ಔಷಧಿ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ, ಹೆಂಡತಿ ದಿನಾ ಹೇಳುತ್ತಾಳೆ.

ಡಿಸೆಂಬರ್ ಎರಡನೇ ವಾರ ಮತ್ತೆ ರಕ್ತಪರೀಕ್ಷೆ ಮಾಡಿಸಿದೆ. 5.8. ಇನ್ನೂ ಹೊಸ್ತಿಲ ಮೇಲೇ ಇದ್ದೇನೆ, ಆದರೆ ಈಚೆ ಅಂಚಿಗೆ ಸರಿದಿದ್ದೇನೆ. ಅಪ್ಪನಿಗೆ ಕಾಯಿಲೆ ಬಂದ ವಯಸ್ಸಿಗೆ ನನಗಿನ್ನು ಎರಡು ವರ್ಷ. ಪದಕ ಸಿಕ್ಕ ಮರುದಿನ ಓಟ ನಿಲ್ಲಿಸಿದರೆ ಈ ಅಂಕಿ ಹಿಂದಿರುಗುತ್ತದೆಂದು ಗೊತ್ತು. ಹಾಗಾಗಿ ಜನವರಿಯ ಆ ಭಾನುವಾರಕ್ಕಿಂತ ಅದರ ನಂತರದ ಮಂಗಳವಾರ ನನಗೆ ಮುಖ್ಯ.

ಮುಂಬಯಿಯಲ್ಲಿರುವ ಕನ್ನಡದವರಿಗೆ ಒಂದು ಮಾತು. 2004ರಿಂದ ನಡೆದುಬಂದಿರುವ ಈ ಓಟದ ದಿನ ಪೆಡ್ಡರ್ ರಸ್ತೆಯ ಜನ ಮನೆಯಿಂದ ಇಳಿದು ಬಂದು, ಬಿಡಿಸಿದ ಕಿತ್ತಳೆ ತೊಳೆ, ಬಿಸ್ಕತ್ತು, ಚಿಕ್ಕಿ ಹಿಡಿದು ಗುರುತಿಲ್ಲದವರಿಗೆಲ್ಲ ಹಂಚುತ್ತಾರೆ. ನೀವೂ ಒಮ್ಮೆ ಹೋಗಿ ಏರಿನ ಮಧ್ಯದಲ್ಲಿ ನಿಲ್ಲಿ. ಬೆಲ್ಲದ ಚೂರು ಇದ್ದರೆ ತನ್ನಿ. ಓಡುವವರಲ್ಲಿ ನಮ್ಮವರು ಯಾರೆಂದು ಮುಖ ನೋಡಿ ಹೇಳಲಾಗದು. "ಇನ್ನೇನು ಬಂತು, ಹತ್ತಿಬಿಡಿ" ಎಂದು ಕನ್ನಡದಲ್ಲಿ ಕೂಗಿ. ಯಾರು ತಿರುಗಿ ನೋಡುತ್ತಾರೋ ಅವರ ಕೈಗೆ ಬೆಲ್ಲ ಹಾಕಿ. ಸಕ್ಕರೆಯ ಹೊಸ್ತಿಲಲ್ಲಿ ನಿಂತವನೂ ಆ ದಿಬ್ಬದಲ್ಲಿ ಅದನ್ನು ಬೇಡ ಎನ್ನುವುದಿಲ್ಲ.