ಒಂದು ಮೀಟರಿನ ಹಾದಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಪಾಂಡವಪುರವನ್ನು ಬಿಟ್ಟು ಕಾವೇರಿಯ ಉತ್ತರದ ಕವಲನ್ನು ದಾಟಿತೆಂದರೆ, ಶ್ರೀರಂಗಪಟ್ಟಣದ ಕೋಟೆಯೊಳಕ್ಕೇ ನುಗ್ಗುತ್ತದೆ. 1799ರಲ್ಲಿ ಆಂಗ್ಲ ಸೇನೆ ಬಹುದಿನ ಹೆಣಗಿ ಒಡೆದ ಕೋಟೆಯಿದು. ರೈಲಾದರೋ ನಿರಾತಂಕವಾಗಿ ಒಳಹೊಕ್ಕು ನಿಲ್ದಾಣದಲ್ಲಿ ನಿಲ್ಲುತ್ತದೆ. ಕಿಟಕಿಯಿಂದಲೇ ರಂಗನಾಥನ ಗೋಪುರಕ್ಕೆ ಕೈಮುಗಿಯುವವರು ಅನೇಕರು. ತಾವು ಬಂದ ಹಾದಿಯ ಚರಿತ್ರೆಯನ್ನು ನೆನೆಯುವವರು ವಿರಳ.

ಈ ಹಾದಿ ಹುಟ್ಟಿದ್ದು ಹಸಿವಿನಲ್ಲಿ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಬರಗಾಲದ ಕೂಲಿಗಾಗಿ ಮಣ್ಣು ಹೊತ್ತವರು ಕಟ್ಟಿದ ಏರಿಯ ಮೇಲೆ ಕಂಬಿ ಹಾಸಲಾಯಿತು. 1882ರಲ್ಲಿ ಉಗಿಬಂಡಿ ಮೈಸೂರನ್ನು ಮುಟ್ಟಿತು. ಖರ್ಚು ಕಡಿಮೆಯೆಂದು ಹಾಕಿದ್ದು ಮೀಟರ್ ಗೇಜು. ಕಂಬಿಗಳ ನಡುವೆ ಒಂದೇ ಮೀಟರು. ಕಂಬಿಯೂ ಹಗುರ, ಸೇತುವೆಯೂ ಹಗುರ. ಇಂಜಿನ್ನಿನ ಮುಂದಿನ ಕಥೆಯೆಲ್ಲ ಈ ಒಂದು ಮೀಟರಿನೊಡನೆ ನಡೆದ ಹೋರಾಟವೇ.

ಭಾರತದ ಮೀಟರ್ ಗೇಜಿನಲ್ಲಿ ಆ ಕಾಲಕ್ಕೆ ಬಹಳವಾಗಿ ದುಡಿದದ್ದು ‘ಎಫ್’ ವರ್ಗದ ಇಂಜಿನ್ನು. ಅದಕ್ಕೆ ಆರೇ ಗಾಲಿಗಳು. ಆರೂ ಎಳೆಯುವ ಗಾಲಿಗಳೇ. 1895ರಲ್ಲಿ ಅಜ್ಮೀರದ ಕಾರ್ಖಾನೆಯಲ್ಲಿ ಸಿದ್ಧವಾದ, ನಮ್ಮ ದೇಶದ ಮೊದಲ ಇಂಜಿನ್ನೆಂದು ಹೆಸರಾದದ್ದೂ ಇದೇ ಜಾತಿಯದು. ಆದರೆ ಹಾದಿ ಕಿರಿದಾದ್ದರಿಂದ ಒಲೆಯೂ ಕಿರಿದು. ಒಲೆ ಚಿಕ್ಕದಾದರೆ ಉಗಿ ಸಾಲದು, ಉಗಿ ಸಾಲದಿದ್ದರೆ ಬಂಡಿ ಏಳದು. ಜೊತೆಗೆ ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯೇ ಹೆಚ್ಚು.

ತಿರುವುಗಳಲ್ಲಿ ದಾರಿ ತೋರಲು ಮುಂದೆ ನಾಲ್ಕು ಪುಟ್ಟ ಗಾಲಿಗಳುಳ್ಳ ಇಂಜಿನ್ನುಗಳು ಬಳಕೆಗೆ ಬಂದವು. ಉಗಿಯನ್ನು ಇನ್ನೊಮ್ಮೆ ಕಾಯಿಸಿ ಒಣಗಿಸುವ ಕೊಳವೆಗಳೂ ಬಂದವು. ಆದರೂ ನಿಜವಾದ ಜಾಣ್ಮೆ ಇರುವುದು ಹಿಂಬದಿಯಲ್ಲಿ. ಒಲೆಯನ್ನು ದೊಡ್ಡ ಗಾಲಿಗಳಾಚೆಗೆ ಸರಿಸಿ, ಅದರಡಿ ಒಂದು ಜೊತೆ ಸಣ್ಣ ಗಾಲಿಗಳನ್ನಿಟ್ಟರು. ಅಡ್ಡಿ ತಪ್ಪಿದ ಒಲೆ ಎರಡು ಮಗ್ಗುಲಿಗೂ ಹರಡಿಕೊಂಡಿತು. ಈ ಕ್ರಮದ ಪರಿಪಕ್ವ ರೂಪವೇ ‘ವೈಪಿ’. 1949ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಮೊದಲು ಬಂದು, ಮುಂದೆ ಜಮ್‌ಷೆಡ್‌ಪುರದ ಟೆಲ್ಕೋದಲ್ಲಿ 1970ರವರೆಗೂ ತಯಾರಾಯಿತು. ನಾಲ್ಕೂವರೆ ಅಡಿ ಎತ್ತರದ ಗಾಲಿ, ಚದರಂಗುಲಕ್ಕೆ 210 ಪೌಂಡು ಉಗಿಯ ಒತ್ತಡ. ಮೈಸೂರಿನ ಪ್ರಯಾಣಿಕರ ಬಂಡಿಗಳನ್ನು ಎಷ್ಟೋ ವರ್ಷ ಎಳೆದದ್ದು ಇದೇ. ಒಲೆ ಹಿಗ್ಗಿದಷ್ಟೂ ಅದಕ್ಕೆ ಸಲಿಕೆಯಿಂದ ಕಲ್ಲಿದ್ದಲು ಉಣಿಸುವ ಫೈರ್‌ಮನ್ನನ ಬೆನ್ನು ಬಗ್ಗಿತು. ಯಂತ್ರವನ್ನು ಹೊಗಳುವ ಪುಸ್ತಕಗಳು ಅವನನ್ನು ಮರೆಯುವುದು ನ್ಯಾಯವಲ್ಲ.

1990ರ ದಶಕದ ಆರಂಭದಲ್ಲಿ ಹಾದಿಯನ್ನೇ ಅಗಲಗೊಳಿಸಿ ಬ್ರಾಡ್ ಗೇಜು ಮಾಡಿದರು. ಒಂದು ಮೀಟರಿನೊಡನೆ ಅಷ್ಟು ಕಾಲ ಸೆಣಸಿದ ಯಂತ್ರಕ್ಕೆ ಅಲ್ಲಿ ಎಡೆಯಿಲ್ಲವಾಯಿತು. ಬಳಿಕ ಜೋಡಿಹಾದಿ ಬಂದಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆಯೊಂದು ಅಡ್ಡವಾಯಿತು. 2017ರಲ್ಲಿ ಸುಮಾರು 1,000 ಟನ್ನು ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಸುಮಾರು 130 ಮೀಟರು ಆಚೆಗೆ ಸರಿಸಿದರು. ಒಂದು ಕಾಲಕ್ಕೆ ಹಾದಿಗೆ ತಕ್ಕಂತೆ ಇಂಜಿನ್ನು ಬಗ್ಗಿತು. ಈಗ ಹಾದಿಗಾಗಿ ಇತಿಹಾಸವೇ ಪಕ್ಕಕ್ಕೆ ಸರಿದು ನಿಂತಿತು.

ಉಗಿಯ ಕಾಲವನ್ನು ಕಾಣಬಯಸುವವರು ಇನ್ನೊಂದು ಅರ್ಧ ಗಂಟೆ ಪ್ರಯಾಣ ಮಾಡಿ, 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿರುವ ‘ಇಎಸ್ 506’ ಮೀಟರಿಗಿಂತಲೂ ಕಿರಿದಾದ, ಎರಡೂವರೆ ಅಡಿಯ ಹಾದಿಯ ಇಂಜಿನ್ನು. ಎಲ್ಲರೂ ಮುಂದೆ ನಿಂತು ಅದರ ಚಿಮಣಿಯನ್ನು ನೋಡುತ್ತಾರೆ. ಹಿಂದಕ್ಕೆ ಹೋಗಿ ಕೊನೆಯ ಪುಟ್ಟ ಗಾಲಿಯನ್ನೂ ನೋಡಬೇಕು. ಒಲೆ ಕುಳಿತಿರುವುದು ಅದರ ಮೇಲೆ.