ಹುಡುಗಿ ಬಿದ್ದಿರಲಿಲ್ಲ, ಆದರೂ ಪಂದ್ಯ ನಿಲ್ಲಿಸಿದರು

ನಮ್ಮ ಮನೆಯವರಿಗೆ ಕುಸ್ತಿ ಗೊತ್ತು, ಬಾಕ್ಸಿಂಗ್ ಗೊತ್ತಿರಲಿಲ್ಲ. ಅಣ್ಣ ಮದುವೆಗೆ ಮುಂಚೆ ಊರ ಗರಡಿ ಮನೆಯಲ್ಲಿ ಸಾಮು ಮಾಡಿದವನು, ಸುತ್ತಲಿನ ಜಾತ್ರೆಗಳಲ್ಲಿ ಅಖಾಡಕ್ಕೆ ಇಳಿದವನು. ಅವನ ಮಗಳಿಗೆ ಈಗ ಹದಿನೇಳು. ಪಿಯುಸಿಗೆ ಅಂತ ದಾವಣಗೆರೆಗೆ ಹೋಗಿ ಹಾಸ್ಟೆಲ್ ಸೇರಿದವಳು ಒಂದು ದಿನ ಫೋನ್ ಮಾಡಿ, "ಎಂಟು ತಿಂಗಳಿಂದ ಬಾಕ್ಸಿಂಗ್ ಕಲೀತಿದೀನಿ, ಮುಂದಿನ ಭಾನುವಾರ ಮೊದಲನೇ ಪಂದ್ಯ" ಅಂದಳು. ಅಣ್ಣನಿಗೆ ಒಳಗೊಳಗೇ ಖುಷಿ. ಅತ್ತಿಗೆಗೆ ಒಂದೇ ಚಿಂತೆ, ಮೂಗು. ಮೂಗು ಸೊಟ್ಟಗಾದರೆ ನಾಳೆ ನೋಡೋಕೆ ಬಂದ ಗಂಡಿನ ಕಡೆಯವರಿಗೆ ಏನು ಹೇಳೋದು?

ಮೇರಿ ಕೋಮ್ ಹೆಸರು ಅತ್ತಿಗೆಗೂ ಗೊತ್ತಿತ್ತು. ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಬಾಕ್ಸಿಂಗ್ ಶುರುವಾಗಿದ್ದೇ 2012ರ ಲಂಡನ್‌ನಲ್ಲಿ, ಅಲ್ಲೇ ಮೇರಿ ಕೋಮ್ ಕಂಚು ತಂದರು ಅಂತ ನಾವು ಹೇಳಿದೆವು. "ಅವರು ಮಣಿಪುರದೋರು, ಗಟ್ಟಿ ಜನ" ಅಂದಳು ಅತ್ತಿಗೆ. ಮಾತು ಅಲ್ಲಿಗೇ ಮುಗಿಯಿತು.

ಕೊನೆಗೆ ಊರಿಂದ ನಾಲ್ಕು ಜನ ಹೊರಟೆವು. ಅಣ್ಣ, ಅತ್ತಿಗೆ, ಮದುವೆ ಫೋಟೊ ತೆಗೆಯುವ ನಮ್ಮ ಗೆಳೆಯ, ಮತ್ತು ಜಿಲ್ಲೆಯ ಸುದ್ದಿ ಬರೆದು ಹೊಟ್ಟೆ ಹೊರೆಯುವ ನಾವು. ಕ್ರೀಡಾ ಸುದ್ದಿ ಅಂತ ನಾವು ಬರೆದದ್ದೆಲ್ಲ ಕಬಡ್ಡಿ, ವಾಲಿಬಾಲ್, ದಸರಾ ಕ್ರೀಡಾಕೂಟ. ರಿಂಗ್‌ನ ಪಕ್ಕ ನಿಂತದ್ದು ನಾವೂ ಅವತ್ತೇ ಮೊದಲು.

ಬೆಳಿಗ್ಗೆ ಏಳಕ್ಕೆ ತೂಕ. ಹುಡುಗಿ ಹೆಸರು ಕೊಟ್ಟದ್ದು 48 ಕೆ.ಜಿ. ವಿಭಾಗಕ್ಕೆ. ತಕ್ಕಡಿ ತೋರಿಸಿದ್ದು 48.7. ಹಿಂದಿನ ರಾತ್ರಿಯಿಂದ ಅವಳು ಸರಿಯಾಗಿ ನೀರೂ ಕುಡಿದಿರಲಿಲ್ಲವಂತೆ. ಪಕ್ಕದಲ್ಲಿ ಯಾರೋ ಒಬ್ಬ ಹುಡುಗ ಎರಡು ಸ್ವೆಟರ್ ಹಾಕಿಕೊಂಡು ಸ್ಕಿಪ್ಪಿಂಗ್ ಮಾಡುತ್ತ ಬೆವರು ಸುರಿಸುತ್ತಿದ್ದ. ನಮ್ಮ ಹುಡುಗಿಯೂ ಅದಕ್ಕೇ ತಯಾರಾದಳು. ಅವಳ ಕೋಚ್ ಬಿಡಲಿಲ್ಲ. "ಏಳ್ನೂರು ಗ್ರಾಂ ಬೆವರು ಸುರಿಸಿ ಹೋದ್ರೆ ಎರಡನೇ ರೌಂಡಿಗೆ ಕಾಲು ನಿಲ್ಲಲ್ಲ. ಉಂಡು ಹೋಗು" ಅಂದು 50 ಕೆ.ಜಿ. ವಿಭಾಗಕ್ಕೆ ಹೆಸರು ಬದಲಿಸಿದರು. ಅತ್ತಿಗೆ ಕಾಯುತ್ತಿದ್ದದ್ದೇ ಅದಕ್ಕೆ. ಸ್ಟೀಲ್ ಡಬ್ಬಿ ತೆಗೆದಳು. ಚಿತ್ರಾನ್ನ, ಮೇಲೆ ಎರಡು ಬೇಯಿಸಿದ ಮೊಟ್ಟೆ. ಹುಡುಗಿ ಬಾಯಿ ತುಂಬ ತುಂಬಿಕೊಂಡು, "50 ನಿಖತ್ ಅಕ್ಕನ ವೇಟು" ಅಂತ ನಕ್ಕಳು. ಪಕ್ಕದ ತೆಲಂಗಾಣದ ನಿಜಾಮಾಬಾದಿನ ನಿಖತ್ ಝರೀನ್ 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದದ್ದು ಅದೇ ತೂಕದಲ್ಲಿ. ಅದಕ್ಕೂ ಹಿಂದಿನ ವರ್ಷ ಇಸ್ತಾಂಬುಲ್‌ನಲ್ಲಿ ಗೆದ್ದದ್ದು 52 ಕೆ.ಜಿ.ಯಲ್ಲಿ. ಇದನ್ನೆಲ್ಲ ಅವಳೇ ನಮಗೆ ಪಾಠ ಒಪ್ಪಿಸಿದಳು.

ಕೈಗೆ ಬಟ್ಟೆ ಸುತ್ತುವುದನ್ನು ಅತ್ತಿಗೆ ಹತ್ತಿರ ಕೂತು ನೋಡಿದಳು. ಎರಡೂವರೆ ಮೀಟರಿಗೆ ಕಡಿಮೆ ಇಲ್ಲದ, ನಾಲ್ಕೂವರೆ ಮೀಟರಿಗೆ ಹೆಚ್ಚಿಲ್ಲದ ಪಟ್ಟಿ. ಮಣಿಕಟ್ಟು, ಅಂಗೈ, ಬೆರಳ ಸಂದು, ಮತ್ತೆ ಮಣಿಕಟ್ಟು. "ಬಾಣಂತಿಗೆ ಹೊಟ್ಟೆ ಕಟ್ಟಿದಂಗೆ ಕಟ್ತಾರಲ್ಲ" ಅಂದಳು. ಅವತ್ತು ಅವಳು ಮೊದಲ ಸಲ ನಕ್ಕದ್ದು ಆಗ.

ಆಮೇಲೆ ಗ್ಲೌಸ್, 10 ಔನ್ಸಿನದು. ಕೈಯಲ್ಲಿ ಹಿಡಿದರೆ ಒಂದೊಂದೂ ಕಾಲು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ತಲೆಗೆ ಹೆಡ್‌ಗಾರ್ಡ್. ಅದನ್ನು ಕಂಡು ಅಣ್ಣನಿಗೆ ಧೈರ್ಯ ಬಂತು, "ಹೆಲ್ಮೆಟ್ ಐತಲ್ಲ, ಏನಾಗಲ್ಲ" ಅಂದ. ಅಲ್ಲೇ ಕೂತಿದ್ದ ಡಾಕ್ಟರು ತಲೆ ಎತ್ತಿ ನೋಡಿದರು. "ಹುಬ್ಬು ಹರಿಯೋದು, ಕಿವಿಗೆ ಪೆಟ್ಟಾಗೋದು ತಪ್ಪುತ್ತೆ ಅಷ್ಟೇ. ತೆಂಗಿನಕಾಯಿಗೆ ಗೋಣಿ ಸುತ್ತಿ ಅಲ್ಲಾಡಿಸಿದ್ರೆ ಒಳಗಿನ ನೀರು ಅಲ್ಲಾಡಲ್ವಾ?" ದೊಡ್ಡ ಗಂಡಸರ ಅಮೆಚೂರ್ ಪಂದ್ಯಗಳಲ್ಲಿ 2013ರಿಂದ ಹೆಡ್‌ಗಾರ್ಡೇ ಇಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರು ಬರಿತಲೆಯಲ್ಲೇ ಆಡಿದರು. ಅಣ್ಣನಿಗೆ ಇದನ್ನು ಆಗ ಹೇಳಲು ಹೋಗಲಿಲ್ಲ.

ಟಿವಿಯಲ್ಲಿ ನೋಡಿದವರಿಗೆ ಗೊತ್ತಾಗದ ಒಂದು ಸಂಗತಿ ಇದೆ, ಸದ್ದು. ಪೆಟ್ಟಿನ ಸದ್ದಲ್ಲ, ಉಸಿರಿನ ಸದ್ದು. ಇಬ್ಬರು ಹುಡುಗಿಯರು ಬುಸ್, ಬುಸ್ ಅನ್ನುತ್ತ ಇಪ್ಪತ್ತು ಅಡಿ ಚೌಕದಲ್ಲಿ ಸುತ್ತುತ್ತಿದ್ದರೆ ಹಾಲ್‌ನಲ್ಲಿ ಬೇರೇನೂ ಕೇಳಿಸುವುದಿಲ್ಲ. ಮೂರು ರೌಂಡ್, ಒಂದೊಂದು ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಮೂರು ನಿಮಿಷ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು ಮುಗಿಯದಷ್ಟು ಹೊತ್ತು. ನೀವೇ ಒಮ್ಮೆ ಎರಡೂ ಮುಷ್ಟಿ ಗಲ್ಲದ ಹತ್ತಿರ ಎತ್ತಿ ಹಿಡಿದು ಮೂರು ನಿಮಿಷ ನಿಂತು ನೋಡಿ. ಹೊಡೆಯುವುದು ಬೇಡ, ಸುಮ್ಮನೆ ನಿಂತರೆ ಸಾಕು. ಭುಜ ಏನು ಹೇಳುತ್ತದೆ ಗೊತ್ತಾಗುತ್ತದೆ.

ನಮ್ಮ ಹುಡುಗಿ ನೀಲಿ ಮೂಲೆ. ಕೆಂಪು ಮೂಲೆಯವಳು ಉದ್ದ ಕೈಯವಳು, ಇದಕ್ಕೂ ಮುಂಚೆ ಆರು ಪಂದ್ಯ ಆಡಿದವಳು. ಗಂಟೆ ಹೊಡೆದ ಕೂಡಲೇ ನಮ್ಮವಳು ಎಂಟು ತಿಂಗಳು ಕಲಿತದ್ದನ್ನೆಲ್ಲ ಮರೆತಳು ಅಂತ ಕಾಣುತ್ತದೆ, ಬಾವಿಗೆ ಹಾರಿದ ಹಾಗೆ ಕಣ್ಣು ಮುಚ್ಚಿ ನುಗ್ಗಿದಳು. ಎದುರಿನವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮೂಗಿಗೇ ಒಂದು ಕೊಟ್ಟಳು. ಅತ್ತಿಗೆ ನಮ್ಮ ತೋಳು ಹಿಡಿದಳು. ಆ ಉಗುರಿನ ಗುರುತು ಮರುದಿನವೂ ಇತ್ತು.

ಆದರೆ ಆ ಪೆಟ್ಟು ಬಿದ್ದ ಮೇಲೆ ಹುಡುಗಿ ಬದಲಾದಳು. ಇಷ್ಟೇನಾ ಅನ್ನುವ ಹಾಗೆ ತಲೆ ಕೊಡವಿ, ಕೈ ಮೇಲೆತ್ತಿ, ಕಾಲು ಸರಿಮಾಡಿಕೊಂಡಳು. ರೌಂಡ್ ಮುಗಿಯುವ ಮುಂಚೆ ಎಡಗೈಯ ಒಂದು ನೇರ ಪೆಟ್ಟು ಹೋಗಿ ಕೆಂಪು ಹುಡುಗಿಯ ಮುಖ ಹಿಂದಕ್ಕೆ ಹೋಯಿತು. ಅಣ್ಣ ಕುರ್ಚಿ ಮೇಲೆ ಹತ್ತಿ ಶಿಳ್ಳೆ ಹೊಡೆದ. ಯಾರೋ ಕೆಳಗಿಳಿಸಿದರು.

ಎರಡನೇ ರೌಂಡಿನಲ್ಲಿ ಬಲಗೈ ಪೆಟ್ಟು ಎರಡು ಒಂದರ ಹಿಂದೊಂದು ಬಂದವು. ಅವಳು ಬೀಳಲಿಲ್ಲ, ಹಗ್ಗಕ್ಕೆ ಒರಗಿದಳು. ರೆಫರಿ ನಡುವೆ ಬಂದು ಬೆರಳು ಎತ್ತಿ ಎಣಿಸತೊಡಗಿದರು. ನಿಂತೇ ಇದ್ದರೂ ಎಣಿಸುತ್ತಾರೆ. ಎಣಿಕೆ ಶುರುವಾದರೆ ಎಂಟರವರೆಗೆ ಹೋಗಲೇಬೇಕು, ಆಡುವವರು ಮೂರಕ್ಕೇ ತಯಾರು ಅಂದರೂ ಬಿಡುವುದಿಲ್ಲ. ಆ ಎಂಟು ಸೆಕೆಂಡು ರೆಫರಿ ನೋಡುವುದು ಕಣ್ಣನ್ನು. ಮುಂದುವರಿಸಿದರು.

ಮೂರನೇ ರೌಂಡಿಗೆ ಮೂಗಿನಲ್ಲಿ ರಕ್ತ. ರೆಫರಿ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಒರೆಸಿ, ನೋಡಿ, ಆಡಲಿ ಅಂದರು. ಅತ್ತಿಗೆ "ಸಾಕು ಅನ್ನಿ, ಸಾಕು ಅನ್ನಿ" ಅಂತ ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಳು. ಪಂದ್ಯ ಮುಗಿಯಲು ಅರ್ಧ ನಿಮಿಷವೂ ಇರಲಿಲ್ಲ. ಕೆಂಪು ಹುಡುಗಿ ಮೂರು ಪೆಟ್ಟು ಹಾಕಿದಳು, ದೊಡ್ಡ ಪೆಟ್ಟೇನಲ್ಲ. ರೆಫರಿ ನಮ್ಮ ಹುಡುಗಿಯನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು ಪಂದ್ಯ ನಿಲ್ಲಿಸಿಬಿಟ್ಟರು.

ಅಣ್ಣ ಹಗ್ಗದ ಹತ್ತಿರಕ್ಕೇ ಓಡಿದ. "ಯಾಕ್ ನಿಲ್ಸಿದ್ರಿ ಸಾರ್? ನಿಂತೇ ಇದಾಳಲ್ಲ! ಬಿದ್ದಿಲ್ವಲ್ಲ!" ಅವನ ಲೆಕ್ಕ ಕುಸ್ತಿಯದು. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಸೋಲು, ಸಾವಿರ ಜನ ಕಣ್ಣಾರೆ ನೋಡುತ್ತಾರೆ, ಯಾರೂ ತಕರಾರು ಮಾಡುವಂತಿಲ್ಲ. ನಿಂತಿರುವವರನ್ನು ಸೋತರು ಅನ್ನುವುದು ಅವನ ಪ್ರಕಾರ ಅನ್ಯಾಯ. ನಿಜ ಹೇಳಬೇಕೆಂದರೆ ನಮ್ಮ ಎದೆಯೂ ಅದನ್ನೇ ಹೇಳುತ್ತಿತ್ತು.

ಡಾಕ್ಟರ ಮೇಜಿನ ಹತ್ತಿರ ಅವಳನ್ನು ಕೂರಿಸಿದರು. ಹೆಸರು ಕೇಳಿದರು, ಹೇಳಿದಳು. ಊರು ಹೇಳಿದಳು. ಇವತ್ತು ಯಾವ ವಾರ? ಭಾನುವಾರ. ಯಾವ ರೌಂಡಿನಲ್ಲಿ ನಿಲ್ಲಿಸಿದ್ದು? ಹುಡುಗಿ ಸ್ವಲ್ಪ ಯೋಚನೆ ಮಾಡಿ, "ಎರಡನೇದು" ಅಂದಳು.

ಅಣ್ಣ ಬಾಯಿ ಮುಚ್ಚಿದ.

ಆಮೇಲೆ ರೆಫರಿಯವರೇ ನೀರು ಕುಡಿಯಲು ಬಂದಾಗ ಅವನಿಗೆ ಹೇಳಿದರು. "ಕೊನೇ ಮೂರು ಪೆಟ್ಟು ಬಂದಾಗ ಅವಳ ಕೈ ಮೇಲೆ ಏಳಲಿಲ್ಲ, ನೋಡಿದ್ರಾ? ಪೆಟ್ಟು ಬರೋದು ಕಾಣ್ತಿತ್ತು, ಕೈ ಮಾತು ಕೇಳ್ತಿರಲಿಲ್ಲ." ಗೆಳೆಯನ ವಿಡಿಯೊ ಹಾಕಿ ನೋಡಿದೆವು. ಹೌದು. ರಿಂಗಿನ ಪಕ್ಕದಲ್ಲೇ ನಿಂತಿದ್ದ ನಾಲ್ಕು ಜೊತೆ ಕಣ್ಣಿಗೆ ಅದು ಕಂಡಿರಲಿಲ್ಲ.

ಕೆಂಪು ಮೂಲೆಯ ಹುಡುಗಿ ಗ್ಲೌಸ್ ಬಿಚ್ಚಿಸಿಕೊಂಡು ನಮ್ಮ ಕಡೆ ಬಂದಳು. ಗೆದ್ದವರು ಎದುರು ಮೂಲೆಯ ಕೋಚ್‌ಗೆ ನಮಸ್ಕಾರ ಮಾಡುವುದು ಈ ಆಟದ ರೂಢಿ. ಅವಳು ಅತ್ತಿಗೆಗೂ ಕೈ ಮುಗಿದು, "ಸಾರಿ ಆಂಟಿ" ಅಂದಳು. ಅವಳ ಕಡೆಯವರು ಯಾರೂ ಬಂದಿರಲಿಲ್ಲ. ಅತ್ತಿಗೆ ಡಬ್ಬಿಯಲ್ಲಿ ಉಳಿದಿದ್ದ ಚಿತ್ರಾನ್ನ ಕೊಟ್ಟಳು, ನಿಂತೇ ತಿಂದು ಹೋದಳು.

ಬಸ್ಸಿನಲ್ಲಿ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಹುಡುಗಿಯನ್ನು ಒಂದು ವಾರದ ಮಟ್ಟಿಗೆ ಊರಿಗೆ ಕರೆದುಕೊಂಡು ಹೊರಟಿದ್ದೆವು, ಅವಳು ಅವನ ಭುಜಕ್ಕೆ ಒರಗಿದ್ದಳು. ನಾವು ಮೈಸೂರಿನ ವಜ್ರಮುಷ್ಟಿ ಕಾಳಗದ ಸುದ್ದಿ ತೆಗೆದೆವು. ವಿಜಯದಶಮಿ ದಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಇಳಿಯುತ್ತಾರೆ. ತಲೆಯಿಂದ ಒಂದು ಹನಿ ನೆತ್ತರು ಚಿಮ್ಮಿತೋ, ಅಲ್ಲಿಗೆ ಕಾಳಗ ಮುಗಿಯಿತು. ಯಾರೂ ನೆಲಕ್ಕೆ ಬೀಳಬೇಕಾಗಿಲ್ಲ. "ಅದು ಅರಮನೆ ಸಂಪ್ರದಾಯ" ಅಂದ ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, "ನಾವ್ ಆಡೋವಾಗ ನಿಲ್ಸೋರು ಯಾರೂ ಇರ್ಲಿಲ್ಲ" ಅಂದ. ಅವನ ಎಡಗಿವಿ ಇವತ್ತಿಗೂ ಮುದುಡಿಕೊಂಡೇ ಇದೆ.

ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆಯುತ್ತೇವೆ, ಯಾಕೆಂದರೆ ಇದು ಬಾಕ್ಸಿಂಗ್‌ಗೆ ಮಾತ್ರ ಅಲ್ಲ, ಬೈಕಿಂದ ಬಿದ್ದವರಿಗೂ, ಎತ್ತು ಹಾಯ್ದವರಿಗೂ ಬೇಕು. ತಲೆಗೆ ಪೆಟ್ಟಾದ ದಿನ ಒಬ್ಬರನ್ನೇ ಬಿಡಬಾರದು. ತಲೆನೋವು ಹೆಚ್ಚುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಬೆಳಗಾಗಲಿ ಅಂತ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ತಲೆಗೆ ಬಿದ್ದ ಪೆಟ್ಟಿನಿಂದಾಗಿ ಪಂದ್ಯ ನಿಲ್ಲಿಸಿದ್ದರೆ ಕನಿಷ್ಠ 30 ದಿನ ರಿಂಗ್ ಹತ್ತುವಂತಿಲ್ಲ, ಅಭ್ಯಾಸದ ಹೊಡೆದಾಟವೂ ಇಲ್ಲ. ಅದು ನಿಯಮ.

ಅವತ್ತು ರಾತ್ರಿ ಅತ್ತಿಗೆ ಮಲಗಲಿಲ್ಲ. ಹುಡುಗಿ ಚೆನ್ನಾಗಿ ನಿದ್ದೆ ಮಾಡಿ ಬೆಳಿಗ್ಗೆ ಎದ್ದು, ಮೊದಲು ಕನ್ನಡಿ ನೋಡಿಕೊಂಡಳು. ಮೂಗು ನೆಟ್ಟಗೇ ಇತ್ತು.

ಊರಲ್ಲಿ ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಹೋಟೆಲ್ ಕಟ್ಟೆ ಮೇಲೆ "ಸೋತು ಬಂದ್ಲಂತೆ", "ಹುಡುಗೀರಿಗೆ ಯಾಕ್ ಬೇಕಿತ್ತು" ಎಲ್ಲ ಆಯಿತು. ಪತ್ರಿಕೆಗೆ ನಾವು ಕಳಿಸಿದ್ದು ಗೆದ್ದವರ ಪಟ್ಟಿ, ಮೂರು ಸಾಲು. ಸೋತವರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ, ಸಂಘಟಕರು ವಾಟ್ಸಾಪ್‌ನಲ್ಲಿ ಕಳಿಸುವುದೂ ಇಲ್ಲ. ಮೊದಲ ಪಂದ್ಯ ಆಡಿದವರಲ್ಲಿ ಅರ್ಧ ಜನ ಸೋತಿರುತ್ತಾರೆ, ಅವರ ಸುದ್ದಿ ಎಲ್ಲೂ ಇರುವುದಿಲ್ಲ. ಅದಕ್ಕೇ ಇದನ್ನು ಇಲ್ಲಿ ಬರೆದೆವು.

ಹೋಟೆಲ್ ಕಟ್ಟೆಗೆ ಉತ್ತರ ಕೊಟ್ಟದ್ದು ಅಣ್ಣ. ನಾವು ಅಲ್ಲೇ ಟೀ ಕುಡಿಯುತ್ತಿದ್ದೆವು. "ಸೋತಿಲ್ಲ ಅಂತ ನಾನು ಅನ್ನಲ್ಲ" ಅಂದ. "ಸೋತ್ಲು. ಆದ್ರೆ ಆ ರೆಫರಿ ಇಲ್ದಿದ್ರೆ ನಾನೇ ಇನ್ನೂ ಅರ್ಧ ನಿಮಿಷ ಹೊಡೆಸಿರ್ತಿದ್ದೆ."

ಕೈಗೆ ಸುತ್ತುವ ಪಟ್ಟಿ ಎರಡನ್ನೂ ಅತ್ತಿಗೆ ಒಗೆದು ಹಿತ್ತಲಿನ ತಂತಿ ಮೇಲೆ ಹಾಕಿದ್ದಾಳೆ. ಮೂವತ್ತು ದಿನ ಯಾವತ್ತಿಗೆ ಮುಗಿಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿದವರು ಯಾರೋ ಗೊತ್ತಿಲ್ಲ. ಹುಡುಗಿ ನಾನಲ್ಲ ಅನ್ನುತ್ತಾಳೆ, ಅಣ್ಣನೂ ನಾನಲ್ಲ ಅನ್ನುತ್ತಾನೆ.