ನೈಲ್ ದಡದಲ್ಲಿ ಒಬ್ಬ ಆಟಗಾರನ ಹಾದಿ

ಕೈರೋ ನಗರಕ್ಕೆ ಹೋಗುವ ನಮ್ಮ ಜನ ಪಿರಮಿಡ್ಡುಗಳನ್ನು ನೋಡುತ್ತಾರೆ; ತೂತನ್‌ಖಾಮನ್ ಅರಸನ ಚಿನ್ನದ ಮುಖವಾಡದೆದುರು ಮೂಕರಾಗಿ ನಿಲ್ಲುತ್ತಾರೆ; ಖಾನ್ ಎಲ್ ಖಲೀಲಿ ಪೇಟೆಯಲ್ಲಿ ಚೌಕಾಸಿ ಮಾಡಿ ಹಿತ್ತಾಳೆಯ ತಟ್ಟೆಯೊಂದನ್ನು ಕೊಳ್ಳುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಮಣ್ಣಾದ ಅರಸರ ಪರಿಚಯ ಹೀಗೆ ಆಗುತ್ತದೆ. ಆದರೆ ಇಂದಿನ ಕೈರೋ ಯಾರನ್ನು ಪ್ರೀತಿಸುತ್ತದೆಂಬುದು ತಿಳಿಯಬೇಕಾದರೆ ಬೀದಿಯ ಕಾಫಿಯಂಗಡಿಗೇ ಹೋಗಬೇಕು. ಅದನ್ನು ಅಲ್ಲಿಯವರು ‘ಅಹ್ವಾ’ ಎನ್ನುತ್ತಾರೆ. ಕಾಫಿಗೂ ಅದೇ ಹೆಸರು, ಅಂಗಡಿಗೂ ಅದೇ ಹೆಸರು. ಗಾಜಿನ ಲೋಟದಲ್ಲಿ ಕಡುಕಪ್ಪು ಚಹಾ, ಪಕ್ಕದಲ್ಲಿ ಹುಕ್ಕಾದ ಗುಡುಗುಡು, ಗೋಡೆಯ ಮೇಲೆ ದೂರದರ್ಶನ, ಅದರಲ್ಲಿ ಕಾಲ್ಚೆಂಡಾಟ. ಅಂಥದೊಂದು ಅಂಗಡಿಯಲ್ಲಿ ಕುಳಿತು, ನಿಮ್ಮ ಮೆಚ್ಚಿನ ಆಟಗಾರ ಯಾರೆಂದು ಪಕ್ಕದ ವೃದ್ಧರನ್ನು ಕೇಳಿದೆ. ಅವರು ಬಾಯಿ ತೆರೆಯಲಿಲ್ಲ. ಬಲಗೈಯ ಎರಡು ಬೆರಳು, ಎಡಗೈಯ ಎರಡು ಬೆರಳು ಎತ್ತಿ ತೋರಿಸಿ ನಕ್ಕರು. ಇಪ್ಪತ್ತೆರಡು!

ಇಪ್ಪತ್ತೆರಡು ಮೊಹಮ್ಮದ್ ಅಬೂತ್ರಿಕಾನ ಅಂಗಿಯ ಸಂಖ್ಯೆ. ೨೦೧೩ರಲ್ಲಿ ಆಟದಿಂದ ನಿವೃತ್ತನಾದ ಈತನಿಗೆ ಈಜಿಪ್ಟಿನ ಜನ ಕೊಟ್ಟ ಬಿರುದು ‘ಅಮೀರ್ ಅಲ್ ಕುಲೂಬ್’, ಎಂದರೆ ಹೃದಯಗಳ ರಾಜಕುಮಾರ. ಈತನ ಬಾಳಿನ ಹಾದಿಯನ್ನು ನಗರದ ನಕ್ಷೆಯ ಮೇಲೆ ಬೆರಳಿಟ್ಟು ಗುರುತಿಸಬಹುದು. ಆ ಹಾದಿ ನೈಲ್ ನದಿಯ ಪಶ್ಚಿಮಕ್ಕಿರುವ ಹಳ್ಳಿಯೊಂದರಲ್ಲಿ ಮೊದಲಾಗಿ, ನದಿಯ ನಡುವಣ ದ್ವೀಪಕ್ಕೆ ಬಂದು, ಪೂರ್ವದ ದಡವನ್ನು ಸೇರುತ್ತದೆ.

ಹಳ್ಳಿಯ ಹೆಸರು ನಾಹಿಯಾ. ಗೀಜಾ ಪ್ರಾಂತದಲ್ಲಿ, ನೇಯ್ಗೆಗೆ ಹೆಸರಾದ ಕೆರ್ದಾಸಾದ ನೆರೆಯಲ್ಲಿದೆ. ಒಂದು ಕಾಲಕ್ಕೆ ಇಲ್ಲೆಲ್ಲ ಹೊಲ, ಕಾಲುವೆ, ಖರ್ಜೂರದ ಮರಗಳೇ. ಈಗ ನಗರ ಹಳ್ಳಿಯ ಹೊಸ್ತಿಲಿಗೇ ಬಂದಿದೆ. ಎಲ್ಲಿ ನೋಡಿದರೂ ಗಾರೆ ಕಾಣದ ಕೆಂಪು ಇಟ್ಟಿಗೆಯ ಮನೆಗಳು. ಪ್ರತಿಯೊಂದರ ನೆತ್ತಿಯಲ್ಲೂ ಕಬ್ಬಿಣದ ಸರಳುಗಳು ಮೇಲಕ್ಕೆ ಚಾಚಿಕೊಂಡಿವೆ. ಮಗನ ಮದುವೆಯ ಕಾಲಕ್ಕೆ ಇನ್ನೊಂದು ಅಂತಸ್ತು ಏರಬೇಕೆಂಬ ಆಸೆ ಆ ಸರಳುಗಳದು. ೧೯೭೮ರ ನವೆಂಬರ್ ೭ರಂದು ಇಲ್ಲಿಯ ಬಡ ಸಂಸಾರವೊಂದರಲ್ಲಿ ಅಬೂತ್ರಿಕಾ ಹುಟ್ಟಿದ. ಹುಡುಗನಾಗಿದ್ದಾಗಲೇ ಇಟ್ಟಿಗೆಯ ಕಾರ್ಖಾನೆಯಲ್ಲಿ ಕೂಲಿ ಮಾಡಿದ. ಓದನ್ನು ಮಾತ್ರ ಬಿಡಲಿಲ್ಲ. ಮುಂದೆ ಕೈರೋ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿ ಪದವೀಧರನಾದ. ಕಾಲ್ಚೆಂಡಾಟಗಾರ ತತ್ತ್ವಶಾಸ್ತ್ರದ ಪದವೀಧರನಾಗುವುದು ಎಲ್ಲ ದೇಶಗಳಲ್ಲಿಯೂ ಅಪರೂಪವೇ.

ನಾಹಿಯಾದಿಂದ ನಗರದತ್ತ ಬಂದರೆ ಮೀತ್ ಒಕ್ಬಾ ಎಂಬ ಬಡಾವಣೆ. ಪ್ರಸಿದ್ಧವಾದ ಝಮಾಲೆಕ್ ಸಂಘದ ಬಿಡಾರ ಇಲ್ಲಿದೆ. ಅದರ ನೆರೆಯಲ್ಲೇ, ಅಷ್ಟೊಂದು ಹೆಸರಿಲ್ಲದ ತೆರ್ಸಾನಾ ಸಂಘದ ಮೈದಾನ. ‘ತೆರ್ಸಾನಾ’ ಎಂದರೆ ಆಯುಧಾಗಾರ. ೧೯೨೧ರಲ್ಲಿ ಸ್ಥಾಪಿತವಾದ ಈ ಸಂಘಕ್ಕೆ ಹೆಸರು ಬಂದದ್ದು ಅಲ್ಲಿಂದಲೇ. ಅಬೂತ್ರಿಕಾ ಬೆಳೆದದ್ದು ಈ ಮೈದಾನದಲ್ಲಿ. ವರ್ಷಗಟ್ಟಲೆ ಇಲ್ಲಿ ಆಡಿ, ದೊಡ್ಡ ಸಂಘದ ಕಣ್ಣಿಗೆ ಬೀಳುವ ಹೊತ್ತಿಗೆ ಅವನಿಗೆ ಇಪ್ಪತ್ತೈದು ತುಂಬಿತ್ತು. ಆಟಗಾರನ ಲೆಕ್ಕದಲ್ಲಿ ಅದು ಎಳೆಯ ವಯಸ್ಸೇನೂ ಅಲ್ಲ.

ಇಲ್ಲಿಂದ ನದಿಯತ್ತ ಹೋದರೆ ಗೆಜೀರಾ. ‘ಗೆಜೀರಾ’ ಎಂಬ ಮಾತಿಗೆ ದ್ವೀಪವೆಂದೇ ಅರ್ಥ. ೧೯೬೧ರಲ್ಲಿ ಪೂರ್ಣಗೊಂಡ, ೧೮೭ ಮೀಟರ್ ಎತ್ತರದ ಕೈರೋ ಗೋಪುರ ಇಲ್ಲಿದೆ. ಸಂಗೀತ ನಾಟಕಗಳ ಆಪೆರಾ ಮಂದಿರವಿದೆ. ೧೮೮೨ರಲ್ಲಿ ಆಂಗ್ಲ ಅಧಿಕಾರಿಗಳು ತಮ್ಮ ವಿನೋದಕ್ಕಾಗಿ ಕಟ್ಟಿಕೊಂಡ ಗೆಜೀರಾ ಕ್ಲಬ್ಬೂ ಇದೇ ದ್ವೀಪದಲ್ಲಿದೆ. ಇಪ್ಪತ್ತೈದು ವರ್ಷಗಳ ತರುವಾಯ, ೧೯೦೭ರಲ್ಲಿ, ಈಜಿಪ್ಟಿನ ವಿದ್ಯಾರ್ಥಿಗಳಿಗೂ ಕೂಡಿ ಆಡುವ ನೆಲೆಯೊಂದು ಬೇಕೆಂಬ ಹಂಬಲದಿಂದ ಹುಟ್ಟಿದ್ದು ಅಲ್ ಅಹ್ಲಿ ಸಂಘ. ‘ಅಹ್ಲಿ’ ಎಂದರೆ ರಾಷ್ಟ್ರೀಯ. ಮುಂದೆ ಸ್ವಾತಂತ್ರ್ಯದ ಹೋರಾಟವನ್ನು ನಡೆಸಿದ ಸಾದ್ ಝಗ್ಲೂಲ್ ಆರಂಭದ ದಿನಗಳಲ್ಲಿ ಇದಕ್ಕೆ ಆಸರೆಯಾಗಿ ನಿಂತಿದ್ದರು. ಇಲ್ಲಿಯ ಕ್ರೀಡಾಂಗಣಕ್ಕೆ ಮುಖ್ತಾರ್ ಅಲ್ ತೆತ್ಶ್ ಎಂಬ ಹಿಂದಿನ ಆಟಗಾರನ ಹೆಸರಿದೆ. ೧೯೩೪ರಲ್ಲಿ ಆಫ್ರಿಕಾ ಖಂಡದಿಂದ ಮೊತ್ತಮೊದಲಿಗೆ ವಿಶ್ವಕಪ್ಪಿಗೆ ಹೋದದ್ದು ಈಜಿಪ್ಟಿನ ತಂಡ, ತೆತ್ಶ್ ಅದರಲ್ಲಿದ್ದ.

೨೦೦೪ರ ಜನವರಿಯಲ್ಲಿ ಅಬೂತ್ರಿಕಾ ಈ ಸಂಘದ ಕೆಂಪಂಗಿ ತೊಟ್ಟ. ಮುಂದಿನ ಹತ್ತು ವರ್ಷಗಳಲ್ಲಿ ಅಹ್ಲಿ ಐದು ಬಾರಿ, ೨೦೦೫, ೨೦೦೬, ೨೦೦೮, ೨೦೧೨ ಮತ್ತು ೨೦೧೩ರಲ್ಲಿ, ಆಫ್ರಿಕಾ ಸಂಘಗಳ ಚಾಂಪಿಯನ್ ಪಟ್ಟವನ್ನು ಗೆದ್ದಿತು. ೨೦೦೬ರ ಅಂತಿಮ ಪಂದ್ಯವನ್ನಂತೂ ಕೈರೋ ಮರೆಯುವಂತಿಲ್ಲ. ತ್ಯುನೀಸಿಯದ ರಾಡೆಸ್‌ನಲ್ಲಿ, ನಿಗದಿತ ತೊಂಬತ್ತು ನಿಮಿಷ ಮುಗಿದು, ಪಟ್ಟ ಎದುರಾಳಿಗಳಿಗೇ ಎಂದು ಎಲ್ಲರೂ ಕೈಚೆಲ್ಲಿದ್ದಾಗ ಅವನ ಎಡಗಾಲಿನಿಂದ ಹೊರಟ ಚೆಂಡು ಬಲೆಯೊಳಗಿತ್ತು. ಅವನದು ಓಡಿ ಹಣ್ಣಾಗುವ ಆಟವಲ್ಲ. ಸಂಗಡಿಗನು ಒಂದು ಕ್ಷಣದ ಮೇಲೆ ಎಲ್ಲಿರುವನೆಂಬುದನ್ನು ಈಗಲೇ ಕಂಡು, ಚೆಂಡನ್ನು ಅಲ್ಲಿಗೆ ಕಳಿಸುವ ಆಟ.

ಗೆಜೀರಾದಿಂದ ಪೂರ್ವಕ್ಕೆ, ಕಂಚಿನ ಸಿಂಹಗಳು ಕಾಯುವ ಕಸ್ರ್ ಎಲ್ ನೀಲ್ ಸೇತುವೆಯನ್ನು ದಾಟಿ, ನಗರದ ಗದ್ದಲವನ್ನೆಲ್ಲ ಹಾದು ಹೋದರೆ ನಸ್ರ್ ಸಿಟಿ. ೧೯೬೦ರಲ್ಲಿ ತೆರೆದ ಕೈರೋ ಕ್ರೀಡಾಂಗಣ ಅಲ್ಲಿದೆ. ೨೦೦೬ರ ಫೆಬ್ರವರಿ ೧೦ರಂದು ಆಫ್ರಿಕಾ ರಾಷ್ಟ್ರಗಳ ಕಪ್ಪಿನ ಅಂತಿಮ ಪಂದ್ಯ ಇಲ್ಲಿ ನಡೆಯಿತು. ಅದಕ್ಕೆ ಒಂದು ವಾರ ಮೊದಲಷ್ಟೇ ಕೆಂಪು ಸಮುದ್ರದಲ್ಲಿ ಹಡಗೊಂದು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು, ನಾಡೆಲ್ಲ ಶೋಕದಲ್ಲಿತ್ತು. ಐವರಿ ಕೋಸ್ಟಿನ ವಿರುದ್ಧ ಪಂದ್ಯ ಗೋಲಿಲ್ಲದೆ ಮುಗಿದು, ಪೆನಾಲ್ಟಿ ಒದೆತಗಳಿಗೆ ಬಂತು. ಗೆಲುವಿನ ಒದೆತ ಅಬೂತ್ರಿಕಾನ ಪಾಲಿಗೆ ಬಂದಿತು, ಅವನು ತಪ್ಪಲಿಲ್ಲ. ಎರಡು ವರ್ಷಗಳ ಮೇಲೆ ಘಾನಾದ ಆಕ್ರಾದಲ್ಲಿ, ಕ್ಯಾಮರೂನ್ ವಿರುದ್ಧ, ಪಂದ್ಯಕ್ಕೆ ಕಾಲು ಗಂಟೆಯೂ ಉಳಿಯದಿದ್ದಾಗ ಏಕೈಕ ಗೋಲನ್ನು ಹೊಡೆದವನೂ ಅವನೇ. ಅದೇ ಪಂದ್ಯಾವಳಿಯಲ್ಲಿ ಸೂಡಾನಿನ ವಿರುದ್ಧ ಗೋಲು ಹೊಡೆದಾಗ ಅಂಗಿಯನ್ನೆತ್ತಿ ಒಳಗಿನ ಬರಹವನ್ನು ತೋರಿಸಿದ. ಗಾಜಾದ ಜನರಿಗಾಗಿ ಮರುಗಿರಿ ಎಂಬುದು ಅದರ ಅರ್ಥ. ತೀರ್ಪುಗಾರ ಹಳದಿ ಚೀಟಿ ತೋರಿಸಿದ. ಅರಬ್ ನಾಡುಗಳ ಮನೆಮನೆಗಳಲ್ಲಿ ಆ ಚಿತ್ರ ಉಳಿಯಿತು. ವಿಶ್ವಕಪ್ಪು ಮಾತ್ರ ಅವನಿಗೆ ಒಲಿಯಲಿಲ್ಲ. ೨೦೦೯ರಲ್ಲಿ ಆಲ್ಜೀರಿಯ, ೨೦೧೩ರಲ್ಲಿ ಘಾನಾ ಬಾಗಿಲಲ್ಲೇ ತಡೆದವು.

ಇನ್ನು ಹೇಳಬೇಕಾದ ಊರಿನ ಹೆಸರು ಎತ್ತುವಾಗ ಕೈರೋದ ಜನ ದನಿ ತಗ್ಗಿಸುತ್ತಾರೆ. ಹಡಗಿನಲ್ಲಿ ವಿಲಾಯತಿಗೆ ಹೋಗುತ್ತಿದ್ದ ಕಾಲದ ನಮ್ಮ ಪ್ರವಾಸಿಗಳು ಸೂಯೆಜ್ ಕಾಲುವೆಯ ಉತ್ತರದ ಬಾಯಿಯಲ್ಲಿರುವ ಪೋರ್ಟ್ ಸೈದ್ ಬಂದರನ್ನು ಕಂಡೇ ಮುಂದೆ ಸಾಗುತ್ತಿದ್ದರು. ೨೦೧೨ರ ಫೆಬ್ರವರಿ ೧ರಂದು ಅಲ್ಲಿಯ ಮೈದಾನದಲ್ಲಿ ಅಹ್ಲಿ ತಂಡ ಆ ಊರಿನ ಅಲ್ ಮಸ್ರಿಗೆ ೩-೧ರಿಂದ ಸೋತಿತು. ಸೀಟಿ ಊದುತ್ತಲೇ ಗೆದ್ದ ತಂಡದ ಕಡೆಯವರು ಮೈದಾನಕ್ಕೆ ನುಗ್ಗಿದರು. ಅತಿಥಿಗಳಾಗಿ ಬಂದಿದ್ದ ಅಹ್ಲಿಯ ಅಭಿಮಾನಿಗಳ ಮೇಲೆ ಬಿದ್ದರು. ಹೊರಬರುವ ಬಾಗಿಲಿಗೆ ಬೀಗ. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಹದಿಹರೆಯದವರು, ತರುಣರು. ಗಾಯಗೊಂಡವರನ್ನು ಆಟಗಾರರು ಬಟ್ಟೆ ಬದಲಾಯಿಸುವ ಕೋಣೆಗೇ ಹೊತ್ತು ತಂದರು. ಅಲ್ಲಿ ಅಭಿಮಾನಿಯೊಬ್ಬ ಅಬೂತ್ರಿಕಾನ ಕಣ್ಣೆದುರಿನಲ್ಲೇ ಪ್ರಾಣ ಬಿಟ್ಟ. ಆ ರಾತ್ರಿಯೇ ಅವನು, ಜೊತೆಗೆ ಇನ್ನಿಬ್ಬರು ಸಂಗಡಿಗರು, ಇನ್ನು ಆಡುವುದಿಲ್ಲವೆಂದರು.

ಮುಂದೆ ಅವನು ಮನಸ್ಸು ಬದಲಾಯಿಸಿ ಮೈದಾನಕ್ಕೆ ಮರಳಿದ. ಆದರೆ ಅದೇ ಸೆಪ್ಟೆಂಬರಿನಲ್ಲಿ ಸೂಪರ್ ಕಪ್ ಪಂದ್ಯ ಗೊತ್ತಾದಾಗ, ಸತ್ತವರಿಗೆ ನ್ಯಾಯ ದೊರೆಯದೆ ಆಡಬಾರದೆಂದು ಅಭಿಮಾನಿಗಳು ಕೂಗಿದರು. ತಂಡ ಆಡಲು ಹೋಯಿತು. ಅಬೂತ್ರಿಕಾ ಒಬ್ಬನೇ ಹಿಂದುಳಿದ. ಸಂಘ ದಂಡ ಹಾಕಿತು. ಎರಡು ತಿಂಗಳು ಹೊರಗಿಟ್ಟಿತು. ಹೊರಗಿದ್ದು ಬಂದ ಅವನು ಆ ನವೆಂಬರಿನಲ್ಲೇ ತಂಡದೊಂದಿಗೆ ಆಫ್ರಿಕಾದ ಪಟ್ಟವನ್ನು ಗೆದ್ದ. ಮರುವರ್ಷ ಅಂತಿಮ ಸುತ್ತಿನ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದು, ಡಿಸೆಂಬರಿನಲ್ಲಿ ಆಟಕ್ಕೆ ವಿದಾಯ ಹೇಳಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಎಲ್ಲ ವೀರರ ಕಥೆಯಂತೆಯೇ ಇರುತ್ತಿತ್ತು. ೨೦೧೫ರಲ್ಲಿ, ಅವನು ಪಾಲುದಾರನಾಗಿದ್ದ ಪ್ರವಾಸ ಸಂಸ್ಥೆಯ ಹಣ ನಿಷೇಧಿತ ಮುಸ್ಲಿಂ ಬ್ರದರ್‌ಹುಡ್ ಪಕ್ಷಕ್ಕೆ ಸಂದಿದೆಯೆಂದು ಸರಕಾರ ಅವನ ಆಸ್ತಿಯನ್ನು ತಡೆಹಿಡಿಯಿತು. ೨೦೧೭ರ ಜನವರಿಯಲ್ಲಿ ನ್ಯಾಯಾಲಯವೊಂದು ಭಯೋತ್ಪಾದಕರ ಪಟ್ಟಿಗೆ ಅವನ ಹೆಸರನ್ನು ಸೇರಿಸಿತು. ಆರೋಪವನ್ನು ಅವನು ಒಪ್ಪಲಿಲ್ಲ. ವಕೀಲರು ಮೇಲ್ಮನವಿಗಳನ್ನು ಹೂಡಿದರು. ಅಷ್ಟರಲ್ಲಿ ಅವನು ಕತಾರಿನಲ್ಲಿದ್ದು ದೂರದರ್ಶನದಲ್ಲಿ ಆಟದ ವಿಶ್ಲೇಷಣೆ ಮಾಡುತ್ತಿದ್ದ. ಮರುತಿಂಗಳೇ ಅವನ ತಂದೆ ತೀರಿಕೊಂಡರು. ನಾಹಿಯಾದ ಓಣಿಗಳಲ್ಲಿ ಜನ ನೆರೆದರು. ಹಳೆಯ ಆಟಗಾರರು ಬಂದರು. ಶವಕ್ಕೆ ಹೆಗಲು ಕೊಡಲು ಮಗ ಮಾತ್ರ ಬರಲಾಗಲಿಲ್ಲ. ಇಟ್ಟಿಗೆ ಹೊತ್ತ ಊರು ಅವನಿಗೆ ಅಂದು ದೋಹಾದಿಂದ ದೂರದರ್ಶನದ ಚಿತ್ರದಷ್ಟೇ ದೂರವಾಗಿತ್ತು.

ಸರಕಾರದ ಪಟ್ಟಿ ಬೇರೆ, ಜನರ ಪಟ್ಟಿ ಬೇರೆ. ೨೦೧೯ರಲ್ಲಿ ಆಫ್ರಿಕಾ ಕಪ್ ಮತ್ತೆ ಕೈರೋಗೆ ಬಂತು. ಅದೇ ಕ್ರೀಡಾಂಗಣ, ಅದೇ ಗೋಲುಕಂಬಗಳು. ಈಜಿಪ್ಟ್ ಆಡುತ್ತಿದ್ದಾಗ ಗಡಿಯಾರ ಇಪ್ಪತ್ತೆರಡನೆಯ ನಿಮಿಷವನ್ನು ತೋರಿಸುತ್ತಲೇ ಪ್ರೇಕ್ಷಕರ ನಡುವಿನಿಂದ ಒಂದು ಹೆಸರು ಎದ್ದಿತು. ಮೈದಾನದಲ್ಲಿ ಆ ಹೆಸರಿನ ಆಟಗಾರ ಯಾರೂ ಇರಲಿಲ್ಲ. ಆದರೂ ‘ಅಬೂತ್ರಿಕಾ, ಅಬೂತ್ರಿಕಾ’ ಎಂಬ ಕೂಗು ಸಾಲಿನಿಂದ ಸಾಲಿಗೆ ಹಬ್ಬಿತು. ಕಾಫಿಯಂಗಡಿಯ ವೃದ್ಧರು ಬೆರಳುಗಳಲ್ಲಿ ಹೇಳಿದ್ದನ್ನು ಅಂದು ಕ್ರೀಡಾಂಗಣವೇ ಬಾಯಿ ಬಿಟ್ಟು ಹೇಳಿತ್ತು.